ಬೆಟ್ಟ-ನೀರಿನ ಮುಂದೆ ಒಂದು ಗಂಟೆ

ನ್ಯೂಯಾರ್ಕಿಗೆ ಮಕ್ಕಳ ಮನೆಗೆಂದು ಹೋಗುವ ನಮ್ಮ ಸಂಘದವರು ಸ್ವಾತಂತ್ರ್ಯ ದೇವಿಯ ಪ್ರತಿಮೆ ನೋಡದೆ ಬರುವುದಿಲ್ಲ. ಸೆಂಟ್ರಲ್ ಪಾರ್ಕಿನ ಅಂಚಿನಲ್ಲಿರುವ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೂ ಒಂದು ದಿನ ಇಟ್ಟುಕೊಳ್ಳಿ. 1870ರಲ್ಲಿ ಸ್ಥಾಪನೆಯಾದ ಈ ಸಂಗ್ರಹಾಲಯವನ್ನು ಒಂದೇ ದಿನದಲ್ಲಿ ನೋಡಿ ಮುಗಿಸಲಾಗದು. ನಾವು ನೋಡಿದ್ದು ಎರಡನೇ ಮಹಡಿಯ ಚೀನೀ ಚಿತ್ರಗಳನ್ನು ಮಾತ್ರ.

ನಾವು ಎಂದರೆ ನಾನು ಮತ್ತು ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ. ಕಂಪ್ಯೂಟರ್ ಓದುತ್ತಿರುವ ಅವನಿಗೆ ಕಾಲೇಜಿನಲ್ಲಿ ಕಲೆಯೂ ಒಂದು ಕಡ್ಡಾಯ ವಿಷಯ. ಚೀನಾದ ನಿಸರ್ಗಚಿತ್ರವೊಂದರ ಮುಂದೆ ಅರ್ಧ ಗಂಟೆ ನಿಂತು ಎರಡು ಪುಟ ಬರೆಯಬೇಕಿತ್ತು. "ಫೋಟೊ ನೋಡಿದರೆ ಸಾಲದಾ ಚಿಕ್ಕಮ್ಮ?" ಎಂದು ರೈಲಿನುದ್ದಕ್ಕೂ ಗೊಣಗಿದ. ಹಿಂದಿನ ವರ್ಷ ಆಗುಂಬೆ ಕಡೆಯ ನಮ್ಮೂರಿನಲ್ಲಿ ಅಮ್ಮ ತೀರಿಕೊಂಡಾಗ ಪರೀಕ್ಷೆಯಿದ್ದುದರಿಂದ ಅವನಿಗೆ ಬರಲಾಗಿರಲಿಲ್ಲ. ಅಂದಿನಿಂದ ಅಜ್ಜಿಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ.

ಅವನು ಆರಿಸಿದ್ದು 'ಬೇಸಿಗೆಯ ಬೆಟ್ಟಗಳು' ಎಂಬ ಚಿತ್ರ. ಸುಮಾರು 1050ರದು, ಚು ಡಿಂಗ್ ಎಂಬಾತನದೆಂದು ಹೇಳುತ್ತಾರೆ. ರೇಷ್ಮೆಯ ಮೇಲೆ ಮಸಿ, ತೆಳುಬಣ್ಣ. ಎತ್ತರ ಒಂದೂವರೆ ಅಡಿ, ಉದ್ದ ನಾಲ್ಕಡಿಗೂ ಕಡಿಮೆ. ಇಂಥ ಸುರುಳಿಗಳನ್ನು ಗೋಡೆಗೆ ತೂಗುಹಾಕುತ್ತಿರಲಿಲ್ಲ. ಮೇಜಿನ ಮೇಲೆ ಬಲದಿಂದ ಎಡಕ್ಕೆ ಸ್ವಲ್ಪಸ್ವಲ್ಪವೇ ಬಿಚ್ಚಿ ನೋಡುತ್ತಿದ್ದರಂತೆ. ನಿಸರ್ಗಚಿತ್ರಕ್ಕೆ ಚೀನೀಯರ ಹೆಸರು 'ಶಾನ್‌ಶುಯ್', ಅಂದರೆ ಬೆಟ್ಟ-ನೀರು.

ಹತ್ತು ನಿಮಿಷ ಗಡಿಯಾರ ನೋಡಿದವನು ಆಮೇಲೆ ಗಾಜಿನ ಬಳಿ ಬಗ್ಗಿದ. "ಇಲ್ಲಿ ಜನ ಇದ್ದಾರೆ!" ಕಾಳಿನಷ್ಟು ಪುಟ್ಟ ಪ್ರಯಾಣಿಕರು ದೇಗುಲದತ್ತ ಹೊರಟಿದ್ದರು. ಮೇಲೆ ಅರಸನಂತೆ ಕುಳಿತ ಬೆಟ್ಟ, ನಡುವೆ ಮಂಜು. ಒಂದೇ ಕಡೆ ನಿಂತು ಕಂಡ ನೋಟ ಇದಲ್ಲ. ಪ್ರಯಾಣಿಕರ ಜೊತೆ ನಮ್ಮ ಕಣ್ಣೂ ನಡೆಯಬೇಕು. ಅದೇ ಶತಮಾನದ ಚಿತ್ರಕಾರ ಗುವೊ ಶಿ, ಕರ್ತವ್ಯದ ನಡುವೆ ಸಿಕ್ಕಿ ಬೆಟ್ಟಕ್ಕೆ ಹೋಗಲಾಗದವರು ಕೂತಲ್ಲೇ ಹೋಗಿಬರಲೆಂದು ಇಂಥ ಚಿತ್ರಗಳಿವೆ ಎಂಬ ಅರ್ಥದಲ್ಲಿ ಹೇಳಿದ್ದಾನೆ.

ಇದನ್ನು ಹೇಳಿದಾಗ ಹುಡುಗ ಸುಮ್ಮನಾದ. ಆಮೇಲೆ ಮೆಲ್ಲಗೆ ಕೇಳಿದ: "ಅಜ್ಜಿ ಮನೆ ದಾರಿನೂ ಮಂಜಲ್ಲಿ ಹೀಗೇ ಇರ್ತಿತ್ತಲ್ವಾ? ಕೊನೆಗೆ ಅಜ್ಜಿ ನನ್ನ ಕೇಳಿದ್ರಾ?"

"ಕೇಳಿದರು. ಪರೀಕ್ಷೆ ದಿನ ಹೊಟ್ಟೆತುಂಬ ಉಂಡು ಹೋಗ್ತಾನೋ ಇಲ್ವೋ ಅಂತ," ಎಂದೆ. ಅವನು ನಕ್ಕ, ಕಣ್ಣೊರೆಸಿಕೊಂಡ. ಅರ್ಧ ಗಂಟೆ ಹೋಗಿ ಒಂದು ಗಂಟೆಯಾಗಿತ್ತು.

ರೇಷ್ಮೆಯ ಚಿತ್ರಗಳು ಬೆಳಕಿಗೆ ಕೆಡುತ್ತವೆಂದು ಆಗಾಗ ಬದಲಿಸುತ್ತಾರೆ. ನೀವು ಹೋದಾಗ ಬೇರೆ ಬೆಟ್ಟವಿದ್ದೀತು. ಪಕ್ಕದಲ್ಲೇ ಸುಝೌ ನಗರದ ಕುಶಲಕರ್ಮಿಗಳು ಕಟ್ಟಿದ, 1981ರಲ್ಲಿ ತೆರೆದ ಮಿಂಗ್ ಶೈಲಿಯ ಅಂಗಳವಿದೆ. ಕಾಲು ನೋಯುವವರು ಅಲ್ಲಿ ಸ್ವಲ್ಪ ಹೊತ್ತು ಕೂತು ಬನ್ನಿ.