ಹಿಂಬಾಗಿಲಿನ ಅಕ್ಕಿಮೂಟೆ

ಮಧ್ಯಾಹ್ನ ಮೂರೂವರೆ. ಮಾಟುಂಗಾ ಸ್ಟೇಷನ್ನಿನ ಪೂರ್ವಕ್ಕೆ ಇಳಿದು, ಹೂವು, ಬಾಳೆಎಲೆ ಮಾರುವವರ ಸಾಲು ದಾಟಿ ನೀವು ಈ ಉಡುಪಿ ಹೋಟೆಲಿಗೆ ಬಂದಿದ್ದೀರಿ. ಊಟದವರು ಎದ್ದು ಹೋಗಿದ್ದಾರೆ. ಸಂಜೆಯ ತಿಂಡಿಗೆ ಜನ ಸೇರಲು ಇನ್ನೂ ಒಂದು ತಾಸಿದೆ. ಹುಡುಗರು ಕುರ್ಚಿಗಳನ್ನು ಮೇಜಿನ ಮೇಲೇರಿಸಿ ನೆಲ ಒರೆಸುತ್ತಿದ್ದಾರೆ. ಗಲ್ಲಾದ ಹಿಂದೆ ಕೃಷ್ಣನ ಪಟ. ಅದರ ಪಕ್ಕ ಚೌಕಟ್ಟು ಹಾಕಿದ ಪರವಾನಗಿಗಳು: ಮಹಾನಗರಪಾಲಿಕೆಯ ಆರೋಗ್ಯ ಲೈಸೆನ್ಸು, ಎಫ್‌ಎಸ್‌ಎಸ್‌ಎಐ ಪತ್ರ, ಕೊನೆಯಲ್ಲಿ ಫಾರ್ಮ್ ಬಿ. ಆ ಕೊನೆಯದರ ಮೇಲೆ ಇರುವುದು ಜುಲೈ ತಿಂಗಳ ತಾರೀಖು. ಈಗ ಜನವರಿ.

ಮಹಾರಾಷ್ಟ್ರದ 2006ರ ಅಗ್ನಿ ತಡೆ ಮತ್ತು ಜೀವರಕ್ಷಣಾ ಕಾಯ್ದೆ ಕೇಳುವ ಪತ್ರ ಇದು. ಬೆಂಕಿ ಆರಿಸುವ ಉಪಕರಣಗಳನ್ನು ಮೊದಲ ಸಲ ಕೂರಿಸಿದಾಗ ಫಾರ್ಮ್ ಎ. ಆಮೇಲೆ ಅವೆಲ್ಲ ಸುಸ್ಥಿತಿಯಲ್ಲಿವೆ ಎಂದು ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಫಾರ್ಮ್ ಬಿ. ಸರ್ಕಾರದ ಪರವಾನಗಿ ಇರುವ ಏಜೆನ್ಸಿಯವರು ಖುದ್ದು ನೋಡಿ ಸಹಿ ಮಾಡಬೇಕು.

ಏಜೆನ್ಸಿಯ ಮನುಷ್ಯ ಬಂದಾಗಿದೆ. ನಡುವಯಸ್ಸಿನ ಮರಾಠಿ ಗೃಹಸ್ಥ. ಹೆಗಲ ಚೀಲದಲ್ಲಿ ಟಾರ್ಚು, ತೂಕದ ಕೊಕ್ಕೆ, ಒಂದು ಬಾಟಲಿ ಸಾಬೂನು ನೀರು. ಮಾಲಕರು ಕಾಫಿ ತರಿಸಿ ಫೈಲು ಬಿಚ್ಚುತ್ತಾರೆ. ಆತ ಎರಡನ್ನೂ ಮುಟ್ಟದೆ ಅಡುಗೆಮನೆ ಹಾದು ನೇರ ಹಿಂಬಾಗಿಲಿಗೆ ಹೋಗುತ್ತಾನೆ. ನೀವೂ ಹಿಂದೆಯೇ ಹೋಗುತ್ತೀರಿ.

ಬಾಗಿಲು ಕಾಣಿಸುವುದಿಲ್ಲ. ಇಡ್ಲಿ ಅಕ್ಕಿಯ ಮೂಟೆ ಎದೆಯೆತ್ತರ ಪೇರಿಸಿದೆ, ಅದರ ಮೇಲೆ ಈರುಳ್ಳಿ ಚೀಲ. ಚಿಲಕ ಎಲ್ಲಿದೆ ಎಂದು ಟಾರ್ಚು ಹಾಕಿ ಹುಡುಕಬೇಕು.

"ಇಲ್ಲಿಂದಲೇ ಶುರು ಮಾಡೋಣ" ಎನ್ನುತ್ತಾನೆ ಆತ ಹಿಂದಿಯಲ್ಲಿ.

"ಸಾಮಾನು ನಿನ್ನೆಯಷ್ಟೇ ಬಂದದ್ದು. ಇಡುವುದಕ್ಕೆ ಬೇರೆ ಜಾಗ ಎಲ್ಲುಂಟು ಮಾರಾಯ್ರೆ?" ಮಾಲಕರು ಹೇಳುವುದು ನಿಮಗೆ, ಕನ್ನಡದಲ್ಲಿ.

ಜಾಗ ಇಲ್ಲ ಎನ್ನುವುದು ಸುಳ್ಳಲ್ಲ. ಮುಂಬಯಿಯಲ್ಲಿ ಒಂದು ಮೊಳ ನೆಲವೂ ಬಾಡಿಗೆಯ ಲೆಕ್ಕಕ್ಕೆ ಸೇರುತ್ತದೆ. ಆದರೆ ಈ ಊರಲ್ಲಿ ಬೆಂಕಿ ಬಿದ್ದಾಗ ಜನ ಸತ್ತದ್ದು ಹೆಚ್ಚಾಗಿ ಹೊರಬರುವ ದಾರಿ ಸಿಗದೆ. 2017ರ ಡಿಸೆಂಬರ್ 29ರಂದು, ಮಧ್ಯರಾತ್ರಿ ಕಳೆದ ಮೇಲೆ, ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಮಹಡಿ ಹೋಟೆಲಿಗೆ ಬೆಂಕಿ ಬಿದ್ದು 14 ಜನ ಹೋದರು. ಹೆಚ್ಚಿನವರ ಉಸಿರು ನಿಲ್ಲಿಸಿದ್ದು ಹೊಗೆ. ಅದು ದೇಶಕ್ಕೆಲ್ಲ ಗೊತ್ತು. ಅದಕ್ಕೆ ಹನ್ನೊಂದು ದಿನ ಮೊದಲು, ಡಿಸೆಂಬರ್ 18ರ ಬೆಳಗಿನ ಜಾವ, ಸಾಕಿನಾಕಾದ ಖೈರಾನಿ ರಸ್ತೆಯಲ್ಲಿ ಫರ್ಸಾಣ್ ಎಂಬ ಖಾರದ ತಿಂಡಿಯ ಅಂಗಡಿಯೊಂದು ಉರಿದು 12 ಕಾರ್ಮಿಕರು ಸತ್ತರು. ದುಡಿಯುವ ಜಾಗದಲ್ಲೇ ಮಲಗಿದ್ದವರು ಅವರು. ಅವರನ್ನು ನೆನೆಯುವವರು ಕಡಿಮೆ.

ಏಜೆನ್ಸಿಯವನು ಆ ಫರ್ಸಾಣ್ ಅಂಗಡಿಯ ಹೆಸರೆತ್ತುತ್ತಲೇ ಮಾಲಕರ ಮುಖ ಬದಲಾಗುತ್ತದೆ. ಅವರು ತಲೆಯೆತ್ತಿ ಅಡುಗೆಮನೆಯ ಮೇಲಿನ ಅಟ್ಟ ನೋಡುತ್ತಾರೆ. ಈಗ ಅಲ್ಲಿ ಪಾತ್ರೆ ಪರಡಿ ತುಂಬಿದೆ. ಊರಿಂದ ಹುಡುಗನಾಗಿ ಬಂದಾಗ ಅವರು ಮಲಗುತ್ತಿದ್ದದ್ದು ಅಂಥದೇ ಅಟ್ಟದಲ್ಲಿ. ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಹನ್ನೊಂದಕ್ಕೆ ಹಿಂತಿರುಗಿ, ಇನ್ನೂ ಬಿಸಿಯಾರದ ಒಲೆಯ ಮೇಲಿನ ಹಲಗೆಯಲ್ಲಿ ಒರಗುತ್ತಿದ್ದರು.

"ನಾವು ಆರು ಜನ ಇದ್ದೆವು. ಇಳಿಯುವುದಕ್ಕೆ ಒಂದು ಏಣಿ" ಎನ್ನುತ್ತಾರೆ. ಆಮೇಲೆ ಹುಡುಗರನ್ನು ಕರೆದು, "ಮೂಟೆ ಎಲ್ಲ ತೆಗೀರಿ."

ಮೂಟೆಗಳು ಸರಿದು ಬಾಗಿಲು ತೆರೆದಾಗ ಹಿತ್ತಲ ಗಲ್ಲಿಯ ಬೆಳಕು ಕಾವಲಿಯವರೆಗೂ ಬರುತ್ತದೆ. ಹೊರಗೆ ಜಾಲರಿಯೊಳಗೆ ವಾಣಿಜ್ಯ ಬಳಕೆಯ 19 ಕಿಲೋ ಸಿಲಿಂಡರುಗಳು. ಎಷ್ಟಿವೆ ಎಂದು ಆತ ಎಣಿಸುತ್ತಾನೆ: ಐದು. ವಿಶೇಷ ಲೈಸೆನ್ಸಿಲ್ಲದೆ ಇಟ್ಟುಕೊಳ್ಳಬಹುದಾದ ಅಡುಗೆ ಅನಿಲ 100 ಕಿಲೋ. ಐದಕ್ಕೆ 95 ಆಯಿತು, ಆರನೆಯದು ಬಂದರೆ ತಪ್ಪು. ಒಂದೊಂದೇ ಜೋಡಣೆಗೆ ಸಾಬೂನು ನೀರು ಹಚ್ಚುತ್ತಾನೆ. ನೀವು ಬಗ್ಗಿ ನೋಡುತ್ತೀರಿ. ನಾಲ್ಕರಲ್ಲಿ ಏನೂ ಇಲ್ಲ. ಐದನೆಯದರಲ್ಲಿ, ರಬ್ಬರು ಕೊಳವೆ ಸೀಳಿದ ಕಡೆ, ಸಾಸಿವೆಯಷ್ಟು ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಮತ್ತೆ ಏಳುತ್ತದೆ.

"ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಕೂರುತ್ತದೆ. ಕೊಳವೆಯಲ್ಲಿ ಬರುವ ಮಹಾನಗರ ಗ್ಯಾಸು ಹಗುರ, ಮೇಲೇರುತ್ತದೆ" ಎಂದು ಆತ ಹುಡುಗರಿಗೆ ವಿವರಿಸುತ್ತಾನೆ. ಇಲ್ಲಿ ವಾಸನೆ ಬಂದರೆ ಸ್ವಿಚ್ಚು ಮುಟ್ಟಬಾರದು. ಸಿಲಿಂಡರು ಮುಚ್ಚಿ, ಬಾಗಿಲು ತೆರೆದಿಟ್ಟು, ಹೊರಗೆ ನಡೆಯಬೇಕು.

ಒಳಗೆ ಬಂದರೆ ಉಪಕರಣಗಳ ಸರದಿ. ಪುಡಿ ತುಂಬಿದ ಕೆಂಪು ಸಿಲಿಂಡರಿನ ಮುಳ್ಳು ಹಸಿರಲ್ಲಿದೆ. ಆದರೂ ಆತ ಅದನ್ನು ತಲೆಕೆಳಗೆ ಮಾಡಿ ಅಲುಗಿಸುತ್ತಾನೆ. ನಿಂತಲ್ಲೇ ನಿಂತರೆ ಪುಡಿ ಗಟ್ಟಿಯಾಗುತ್ತದೆ. ವಿದ್ಯುತ್ ಬೋರ್ಡಿನ ಬಳಿಯ ಇಂಗಾಲದ ಡೈಆಕ್ಸೈಡ್ ಸಿಲಿಂಡರಿಗೆ ಮುಳ್ಳೇ ಇಲ್ಲ, ತೂಕವೇ ಸಾಕ್ಷಿ. ಕೊಕ್ಕೆಗೆ ನೇತುಹಾಕುತ್ತಾನೆ. ಕಡಿಮೆಯಿದೆ. ಮತ್ತೆ ತುಂಬಿಸಬೇಕು.

ಭಟ್ಟರು ಬಾಣಲೆಯ ಪಕ್ಕ ಕೈಕಟ್ಟಿ ನಿಂತಿದ್ದಾರೆ. ಮೂವತ್ತು ವರ್ಷದಿಂದ ವಡೆ ಕರಿದ ಕೈ ಅದು.

"ಈ ಎಣ್ಣೆಗೆ ಬೆಂಕಿ ಹತ್ತಿದರೆ ಏನು ಮಾಡುತ್ತೀರಿ?"

"ನೀರು" ಎಂದುಬಿಡುತ್ತಾರೆ ಭಟ್ಟರು.

ಆತ ನಗುವುದಿಲ್ಲ. ಉರಿಯುವ ಎಣ್ಣೆಯೊಳಗೆ ಬಿದ್ದ ನೀರು ತಳಕ್ಕಿಳಿದು, ಕ್ಷಣದಲ್ಲಿ ಆವಿಯಾಗಿ, ಸುಮಾರು 1,700 ಪಟ್ಟು ಹಿಗ್ಗಿ, ಎಣ್ಣೆಯನ್ನು ಬೆಂಕಿಯ ಸಮೇತ ಮಾಡಿಗೆ ಎಸೆಯುತ್ತದೆ. ಒಲೆ ಆರಿಸಿ, ಅಗಲದ ಮುಚ್ಚಳವನ್ನು ನಿಮ್ಮ ಕಡೆಯಿಂದ ಆಚೆಗೆ ಜಾರಿಸಿ ಮುಚ್ಚಬೇಕು, ತಣ್ಣಗಾಗುವವರೆಗೆ ತೆರೆಯಬಾರದು. ಅದಕ್ಕೂ ಬಗ್ಗದಿದ್ದರೆ ಅಡುಗೆಮನೆಗೆಂದೇ ಇರುವ ದ್ರವದ ಸಿಲಿಂಡರು. ಅದರ ದ್ರವ ಎಣ್ಣೆಯ ಮೇಲೆ ಸಾಬೂನಿನಂಥ ಪದರ ಕಟ್ಟುತ್ತದೆ. ತಣ್ಣನೆಯ ಬಾಣಲೆಯ ಮೇಲೆ ಭಟ್ಟರು ಮುಚ್ಚಳ ಜಾರಿಸುತ್ತಾರೆ. ಒಮ್ಮೆ, ಎರಡು ಸಲ, ಮೂರು ಸಲ. ಮೂರನೆಯ ಸಲಕ್ಕೆ ಆ ಕೈಗೆ ದೋಸೆ ಮಗುಚುವ ಸಲೀಸು ಬಂದಿದೆ.

ಕೊನೆಗೆ, ಹೊರಬರುವ ಅಭ್ಯಾಸಕ್ಕೆಂದು, ದೀಪ ಆರಿಸುತ್ತಾರೆ. ಹಿಂಬಾಗಿಲನ್ನೂ ಮುಂದೆ ಮಾಡಿದ್ದಾರೆ. ಲೋಟ ತೊಳೆಯುವ ಮೋರಿಯಿಂದ ಒಬ್ಬೊಬ್ಬರೇ ಹೊರಗೆ ಹೋಗಬೇಕು, ಬಗ್ಗಿಕೊಂಡು. ಹೊಗೆ ಮೇಲೇರುತ್ತದೆ, ಉಸಿರಾಡುವ ಗಾಳಿ ಇರುವುದು ನೆಲದ ಹತ್ತಿರ. ನೀವೂ ಬಗ್ಗುತ್ತೀರಿ. ಬೆಳಕಲ್ಲಿ ಹತ್ತು ಹೆಜ್ಜೆಯ ಅಡುಗೆಮನೆ ಕತ್ತಲಲ್ಲಿ ಊರಗಲ ಅನ್ನಿಸುತ್ತದೆ. ಮೊಣಕೈಗೆ ರುಬ್ಬುವ ಯಂತ್ರ ತಾಗುತ್ತದೆ. ಎಡವೋ ಬಲವೋ ತಿಳಿಯುವುದಿಲ್ಲ. ಅಷ್ಟರಲ್ಲಿ ಮುಂದಿನಿಂದ ಬೈಂದೂರು ಕಡೆಯ ಹುಡುಗನೊಬ್ಬನ ದನಿ: "ಗ್ವಾಡಿ ಹಿಡ್ಕಂಡ್ ಬನ್ನಿ, ಏಳು ಹೆಜ್ಜೆ." ಬಂದು ಮೂರು ತಿಂಗಳಾದ ಅವನು, ದಿನಕ್ಕೆ ನೂರು ಸಲ ಓಡಾಡಿ, ದಾರಿಯನ್ನು ಕಾಲಲ್ಲೇ ಎಣಿಸಿಟ್ಟುಕೊಂಡಿದ್ದಾನೆ. ಗೋಡೆ ಸವರಿಕೊಂಡು ಏಳನೆಯ ಹೆಜ್ಜೆಗೆ ನಿಮ್ಮ ಅಂಗೈಗೆ ಬಾಗಿಲು ಸಿಗುತ್ತದೆ. ಹೊರಗಿನ ಗಾಳಿ ಇಷ್ಟು ಒಳ್ಳೆಯದೆಂದು ನಿಮಗೆ ಈ ಮೊದಲು ಗೊತ್ತಿರಲಿಲ್ಲ.

ಸಹಿ ಇವತ್ತು ಸಿಗುವುದಿಲ್ಲ. ಕೊಳವೆ ಬದಲಾಗಬೇಕು, ಸಿಲಿಂಡರು ತುಂಬಬೇಕು, ಚಿಮಣಿಯೊಳಗಿನ ಜಿಡ್ಡು ತೆಗೆಸಬೇಕು. ಮಾಲಕರು ಒಂದು ಮಾತೂ ಆಡದೆ ಪಟ್ಟಿ ಬರೆದುಕೊಳ್ಳುತ್ತಾರೆ. ಹೊರಡುವ ಮುನ್ನ ಆತ ಕೊನೆಗೂ ಕಾಫಿ ಕುಡಿಯುತ್ತಾನೆ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿದಾಗ ಮುಂಬಯಿ ಅಗ್ನಿಶಾಮಕ ದಳದ 66 ಮಂದಿ ಸತ್ತ ಕಥೆಯನ್ನು ಹುಡುಗರಿಗೆ ಹೇಳುತ್ತಾನೆ. ದೇಶ ಆ ದಿನವನ್ನು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತದೆ. "101ಕ್ಕೆ ಕರೆ ಮಾಡಿದರೆ ಅವರು ಬಂದೇ ಬರುತ್ತಾರೆ. ಬರುವವರೆಗಿನ ಆ ಹೊತ್ತು ಮಾತ್ರ ನಿಮ್ಮದು" ಎನ್ನುತ್ತಾನೆ.

ಐದು ದಿನ ಬಿಟ್ಟು ನೀವು ಮತ್ತೆ ಬರುತ್ತೀರಿ, ಅದೇ ಮೂರೂವರೆಗೆ. ಹೊಸ ಕೊಳವೆಗೆ ಸಾಬೂನು ನೀರು ಹಚ್ಚಿದ್ದಾಗಿದೆ, ಗುಳ್ಳೆ ಇಲ್ಲ. ಕೊಕ್ಕೆಯಲ್ಲಿ ತೂಕ ಸರಿಯಿದೆ. ಏಜೆನ್ಸಿಯವನು ಮೇಜಿನ ಮೇಲೆ ಫಾರ್ಮ್ ಬಿ ಹರಡಿ ಪೆನ್ನು ತೆಗೆದ ಹೊತ್ತಿಗೆ ಹಿತ್ತಲಲ್ಲಿ ಟೆಂಪೊ ನಿಲ್ಲುತ್ತದೆ. ವಾರಕ್ಕೊಮ್ಮೆ ಬರುತ್ತಿದ್ದ ಅಕ್ಕಿಯನ್ನು ಮಾಲಕರು ವಾರಕ್ಕೆರಡು ಸಲ, ಅರ್ಧರ್ಧ ತರಿಸತೊಡಗಿದ್ದಾರೆ. ಹಮಾಲ ಮೂಟೆ ಹೊತ್ತು ಬಂದು, ರೂಢಿಯಂತೆ, ಬಾಗಿಲ ಒಳಗೇ ಇಳಿಸಲು ಬೆನ್ನು ಬಾಗಿಸುತ್ತಾನೆ.

ಬೈಂದೂರಿನ ಹುಡುಗ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಎದ್ದು ಬರುತ್ತಾನೆ. ಹಿಂದಿ ಅವನಿಗೆ ಇನ್ನೂ ಸರಿಯಾಗಿ ಬಾರದು. ಮೂಟೆ ಬೀಳಬೇಕಾಗಿದ್ದ ಜಾಗದಲ್ಲಿ ಸುಮ್ಮನೆ ತಾನೇ ಹೋಗಿ ನಿಲ್ಲುತ್ತಾನೆ.