ಬೇಲಿಯ ತಂತಿ, ಬಲ್ಬಿನ ಲೆಕ್ಕ

ವೋಲ್ಟೇಜನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ರೋಧ, ಗುಣಿಸಿದರೆ ಸಾಮರ್ಥ್ಯ. ಚಾಮರಾಜನಗರ, ಗುಂಡ್ಲುಪೇಟೆಯ ಶಾಲೆಗಳಲ್ಲಿ ಹತ್ತನೇ ತರಗತಿಯ ಮಕ್ಕಳು ಇದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ, ಅಂಕವೂ ಬರುತ್ತದೆ. ಆದರೆ ಈ ಲೆಕ್ಕದ ನಿಜವಾದ ಪರೀಕ್ಷೆ ನಡೆಯುವುದು ಅಪ್ಪನ ಹೊಲದ ಬೇಲಿಯಲ್ಲಿ.

ಹಳೆಯ 60 ವ್ಯಾಟಿನ ಬುರುಡೆ ಬಲ್ಬನ್ನೇ ನೋಡಿ. 230 ವೋಲ್ಟಿಗೆ ಅದು ಎಳೆಯುವುದು 0.26 ಆಂಪಿಯರ್. ಭಾಗಿಸಿದರೆ, ಉರಿಯುವಾಗ ಅದರ ರೋಧ ಸುಮಾರು 885 ಓಮ್. ಒದ್ದೆ ಮೈಯ ಮನುಷ್ಯನ ರೋಧವೂ ಹೆಚ್ಚುಕಡಿಮೆ 1000 ಓಮ್. ಅಂದರೆ 0.23 ಆಂಪಿಯರ್, 53 ವ್ಯಾಟ್. ತಂತಿಯ ಪಾಲಿಗೆ ಮನುಷ್ಯನೂ ಒಂದು ಬಲ್ಬು! ಬಲ್ಬು ಬೆಳಗುತ್ತದೆ, ಹೃದಯ ನಿಲ್ಲಲು ಅದರ ಅರ್ಧವೇ ಸಾಕಾದೀತು.

ಕಾಡಂಚಿನಲ್ಲಿ ಹಂದಿ, ಆನೆಗಳ ಕಾಟ ಸುಳ್ಳಲ್ಲ. ನಿಯಮದಂತೆ ಹಾಕಿದ ಸೋಲಾರ್ ಬೇಲಿಯಲ್ಲಿ ಸಾವಿರಾರು ವೋಲ್ಟ್ ಇದ್ದರೂ ಅದು ಹರಿಯುವುದು ಸೆಕೆಂಡಿಗೊಮ್ಮೆ, ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು. ಬೆದರಿಸುತ್ತದೆ, ಕೊಲ್ಲುವುದಿಲ್ಲ. ಪಂಪ್‌ಸೆಟ್ಟಿನ ಲೈನನ್ನೇ ಬೇಲಿಗೆ ಸಿಕ್ಕಿಸಿದರೆ ಮಾತ್ರ ವಿದ್ಯುತ್ತು ಬಿಡದೆ ಹರಿಯುತ್ತದೆ.

2023ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ವಿದ್ಯುತ್ ತಗುಲಿ ಬಿದ್ದ ಹೆಣ್ಣಾನೆಯೊಂದನ್ನು ಅರಣ್ಯ ಸಿಬ್ಬಂದಿ ಬದುಕಿಸಿದರು. ಎಲ್ಲ ಆನೆಗೂ, ರಾತ್ರಿ ನೀರು ಕಟ್ಟಲು ಹೋಗುವ ಎಲ್ಲ ಅಪ್ಪಂದಿರಿಗೂ ಆ ಭಾಗ್ಯವಿರದು. ಮಕ್ಕಳು ಈ ಲೆಕ್ಕವನ್ನು ಒಮ್ಮೆ ಮನೆಯಲ್ಲೂ ಬಿಡಿಸಿ ತೋರಿಸಲಿ.