ಅಪ್ಪನ ಲಾರಿಯೂ ಜಲಜನಕವೂ

ಹೋದ ಯುಗಾದಿಗೆ ಕರೆಂಟಿನ ಸ್ಕೂಟರ್ ಕೊಂಡು ಹೊಸಪೇಟೆಯ ಮನೆ ಮುಂದೆ ನಿಲ್ಲಿಸಿದಾಗ ಅಪ್ಪ ಮಾಡಿದ ಮೊದಲ ಕೆಲಸ ಬಗ್ಗಿ ಸೈಲೆನ್ಸರ್ ಹುಡುಕಿದ್ದು. ಸಿಗಲಿಲ್ಲ. ‘ಸಪ್ಪಳಿಲ್ಲ, ಹೊಗಿ ಇಲ್ಲ, ಇದೆಂಥ ಗಾಡಿನಪಾ’ ಎಂದು ನಕ್ಕ. ನಗು ಹಾಗೇ ಕೆಮ್ಮಾಯಿತು. ಇಪ್ಪತ್ತಾರು ವರ್ಷ ಡೀಸೆಲ್ ಲಾರಿ ಓಡಿಸಿದವನ ಕೆಮ್ಮು ಅದು, ಶುರುವಾದರೆ ಬೇಗ ನಿಲ್ಲುವುದಿಲ್ಲ. ನಿಂತ ಮೇಲೆ ಕೇಳಿದ: ‘ಇದು ಸರಿ. ನನ್ನ ಲಾರಿಗೆ ಏನ್ ಹಾಕ್ತಿದ್ರಿ?’

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ‘ಹೈಡ್ರೋಜನ್. ಬ್ಯಾಟರಿ ಲಾರಿಗೆ ಭಾರ ಆಗ್ತತಿ. ಹೈಡ್ರೋಜನ್ ಹಾಕಿದ್ರ ಸೈಲೆನ್ಸರಿಂದ ಬರೋದು ಬರೇ ನೀರು.’

‘ನೀರಾ?’ ಅಪ್ಪನ ಕಣ್ಣು ಅರಳಿತು. ಸಂಜೆ ಹೊತ್ತಿಗೆ ಚಹಾದಂಗಡಿಯಲ್ಲಿ ಹಳೆಯ ಡ್ರೈವರ್ ಗೆಳೆಯರಿಗೆಲ್ಲ ಅದನ್ನೇ ಹೇಳುತ್ತಿದ್ದ. ನನ್ನ ಮಗ ಹೇಳ್ಯಾನ, ಮುಂದ ಲಾರಿ ನೀರು ಉಗುಳ್ತಾವಂತ.

ನಾನು ಹೇಳಿದ್ದು ಸುಳ್ಳಲ್ಲ. ನಾನು ಓದುವಾಗ ಪುಸ್ತಕದಲ್ಲಿ ಅದರ ಹೆಸರು ಜಲಜನಕ. 1766ರಲ್ಲಿ ಹೆನ್ರಿ ಕ್ಯಾವೆಂಡಿಶ್ ಈ ಅನಿಲವನ್ನು ಗುರುತಿಸಿದ. ಉರಿದರೆ ನೀರಾಗುತ್ತದೆಂದು ಲೆವಾಸಿಯೆ ಅದಕ್ಕೆ ‘ನೀರು ಹುಟ್ಟಿಸುವುದು’ ಎಂಬರ್ಥದ ಗ್ರೀಕ್ ಮೂಲದ ಹೆಸರಿಟ್ಟ. ಅದನ್ನೇ ಕನ್ನಡದ ಹೆಸರೂ ಹೇಳುತ್ತದೆ. ಆದರೆ ಜಲಜನಕಕ್ಕೂ ಒಬ್ಬ ಜನಕನಿದ್ದಾನೆ ಎಂಬುದನ್ನು ನಾನು ಅಪ್ಪನಿಗೆ ಹೇಳಿರಲಿಲ್ಲ. ಇವತ್ತು ಜಗತ್ತಿನಲ್ಲಿ ತಯಾರಾಗುವ ಜಲಜನಕದ ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬರುತ್ತದೆ. ಲಾರಿಯ ಕೊಳವೆಯಲ್ಲಿ ನೀರು ಬಂದರೂ ಹೊಗೆ ಬೇರೆಲ್ಲೋ ಎದ್ದಿರುತ್ತದೆ.

ರಾತ್ರಿ ಸ್ಕೂಟರನ್ನು ಚಾರ್ಜಿಗೆ ಹಾಕಿ ಲೆಕ್ಕ ಮಾಡುತ್ತ ಕೂತೆ. ಸ್ವಚ್ಛ ಜಲಜನಕ ಬೇಕೆಂದರೆ ಬಿಸಿಲಿನ ಇಲ್ಲವೇ ಗಾಳಿಯ ವಿದ್ಯುತ್ತಿನಿಂದ ನೀರನ್ನು ಒಡೆಯಬೇಕು. ನೂರು ಯೂನಿಟ್ಟಿನಲ್ಲಿ ಸುಮಾರು ಮೂವತ್ತು ಅಲ್ಲೇ ಕಳೆಯುತ್ತದೆ. ಉಳಿದದ್ದನ್ನು ವಾಹನದ ತೊಟ್ಟಿಗೆ ತುಂಬಲು ವಾತಾವರಣದ ಒತ್ತಡದ 350 ಪಟ್ಟೋ 700 ಪಟ್ಟೋ ಒತ್ತಬೇಕು, ಅದಕ್ಕೊಂದಿಷ್ಟು. ಫ್ಯುಯೆಲ್ ಸೆಲ್‌ನಲ್ಲಿ ಅದು ಮತ್ತೆ ವಿದ್ಯುತ್ತಾಗುವಾಗ ಅರ್ಧದಷ್ಟು ಶಾಖವಾಗಿ ಹೋಗುತ್ತದೆ. ಕೊನೆಗೆ ಚಕ್ರಕ್ಕೆ ಸಿಗುವುದು ಮೂವತ್ತರ ಆಸುಪಾಸು. ಅದೇ ನೂರು ಯೂನಿಟ್ಟನ್ನು ಬ್ಯಾಟರಿಗೆ ತುಂಬಿದರೆ ಎಪ್ಪತ್ತಕ್ಕೂ ಹೆಚ್ಚು ಚಕ್ರ ತಲುಪುತ್ತದೆ.

ಬ್ಯಾಟರಿಗೂ ತನ್ನ ಕಷ್ಟವಿದೆ. ಒಂದು ಕಿಲೊ ಜಲಜನಕದಲ್ಲಿ 33 ಯೂನಿಟ್ ಶಕ್ತಿ. ವಾಹನದಲ್ಲಿ ಕೂರಿಸಿದ ಬ್ಯಾಟರಿಯಲ್ಲಿ ಕಿಲೊಗೆ ಯೂನಿಟ್ಟಿನ ಐದನೇ ಒಂದು ಪಾಲೂ ಸಿಗುವುದು ಅಪರೂಪ. 500 ಯೂನಿಟ್ ಹಿಡಿಯುವ ಬ್ಯಾಟರಿಯ ಲಾರಿ, ಸರಕು ಏರುವ ಮೊದಲೇ ಮೂರು ಟನ್ ಹೊತ್ತಿರುತ್ತದೆ. ದಿನಗಟ್ಟಲೆ ನಿಲ್ಲದೆ ಓಡುವ, ಚಾರ್ಜಿಗೆ ಬಿಡುವಿಲ್ಲದ ಲಾರಿಗೆ ಜಲಜನಕವೇ ಸರಿಹೋದೀತು. ಆದರೆ ಅಪ್ಪ ಕೇಳಿದ್ದು ತನ್ನ ಲಾರಿಯ ಬಗ್ಗೆ.

ಅಪ್ಪನ ದಾರಿ ನನಗೆ ಗೊತ್ತು. ಅದಿರಿನ ಸುಗ್ಗಿಯ ಕಾಲ. ಸಂಡೂರಿನಲ್ಲಿ ತುಂಬಿಕೊಂಡು ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಬೇಲೆಕೇರಿ ಬಂದರಿಗೆ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕುವವರೆಗೆ ಅದೇ ಅವನ ಬದುಕು. ಘಟ್ಟದಲ್ಲಿ ಸುಟ್ಟ ಬ್ರೇಕ್ ಲೈನರಿನ ವಾಸನೆಯನ್ನು ಈಗಲೂ ನೆನೆಸಿಕೊಳ್ಳುತ್ತಾನೆ. 25 ಟನ್ ತೂಕ 500 ಮೀಟರ್ ಕೆಳಗಿಳಿದರೆ ಹೊಮ್ಮುವ ಶಕ್ತಿ ಸುಮಾರು 34 ಯೂನಿಟ್. ಅದಷ್ಟೂ ಬಿಸಿಯಾಗಿ ಹೋಯಿತು. ವಿದ್ಯುತ್ ಮೋಟರ್ ಇದ್ದರೆ ಇಳಿಜಾರಿನಲ್ಲಿ ಅದೇ ಜನರೇಟರ್ ಆಗಿ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಸ್ವಿಟ್ಜರ್ಲೆಂಡಿನ ಬೀಲ್ ಬಳಿಯ ಕಲ್ಲಿನ ಕ್ವಾರಿಯೊಂದರಲ್ಲಿ ಭಾರೀ ಟಿಪ್ಪರ್ ಒಂದನ್ನು ಹೀಗೇ ಬ್ಯಾಟರಿಗೆ ಬದಲಿಸಿದ್ದಾರೆ. ಖಾಲಿ ಹತ್ತುತ್ತದೆ, ತುಂಬಿಕೊಂಡು ಇಳಿಯುತ್ತ ಚಾರ್ಜ್ ಆಗುತ್ತದೆ. ಜಲಜನಕಕ್ಕೆ ಈ ವಿದ್ಯೆ ಬರುವುದಿಲ್ಲ, ಉರಿದದ್ದು ಮತ್ತೆ ತೊಟ್ಟಿಗೆ ಬರಲಾರದು. ಅದಕ್ಕೇ ಫ್ಯುಯೆಲ್ ಸೆಲ್ ವಾಹನಗಳಲ್ಲೂ ಜೊತೆಗೊಂದು ಬ್ಯಾಟರಿ ಇಟ್ಟಿರುತ್ತಾರೆ. ಹಗಲು ರಾತ್ರಿ ತುಂಬಿ ಇಳಿದು ಖಾಲಿ ಹತ್ತುವ ಅಪ್ಪನ ದಾರಿಗೆ ಬ್ಯಾಟರಿಯೇ ಸರಿ. ನಾನು ತಪ್ಪು ಹೇಳಿದ್ದೆ.

ಹಾಗಾದರೆ ಜಲಜನಕ ಯಾತಕ್ಕೆ? ಉತ್ತರ ಅಪ್ಪನ ಲಾರಿಯಲ್ಲೇ ಇತ್ತು, ಟ್ಯಾಂಕಿನಲ್ಲಲ್ಲ, ಹಿಂದಿನ ತೊಟ್ಟಿಲಲ್ಲಿ. ಅಮ್ಮ ಅವನ ಅಂಗಿ ನೆನೆಸಿದ ಬಕೆಟ್ಟಿನ ನೀರು ಕೆಂಪಾಗುತ್ತಿತ್ತು. ಆ ಕೆಂಪು, ಕಬ್ಬಿಣ ಆಮ್ಲಜನಕದೊಡನೆ ಕೂಡಿದ್ದರಿಂದ ಬಂದದ್ದು. ಅದನ್ನು ಬಿಡಿಸಲು ಊದುಕುಲುಮೆಗೆ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಸುರಿಯುತ್ತಾರೆ. ಹಾಗೆ ಮಾಡಿದ ಒಂದು ಟನ್ ಉಕ್ಕಿಗೆ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆ ಎರಡು ಟನ್. ಬ್ಯಾಟರಿ ಎಷ್ಟು ದೊಡ್ಡದಿದ್ದರೂ ಈ ಕೆಲಸ ಮಾಡದು, ಇಲ್ಲಿ ಬೇಕಾದದ್ದು ಆಮ್ಲಜನಕವನ್ನು ಎಳೆದುಕೊಳ್ಳುವ ಇನ್ನೊಂದು ವಸ್ತು. ಜಲಜನಕ ಅದನ್ನು ಎಳೆದುಕೊಂಡು ನೀರಾಗುತ್ತದೆ. ಸ್ವೀಡನ್ನಿನ ಲುಲಿಯೊದಲ್ಲಿ 2021ರಲ್ಲಿ ಹೀಗೆ ಸ್ಪಾಂಜ್ ಕಬ್ಬಿಣ ತೆಗೆದು ತೋರಿಸಿದ್ದಾರೆ. ನಮ್ಮ ಹೊಲಕ್ಕೆ ಸುರಿಯುವ ಯೂರಿಯಾ ಅಮೋನಿಯಾದಿಂದ ಆಗುತ್ತದೆ, ಅಮೋನಿಯಾಕ್ಕೂ ಜಲಜನಕ ಬೇಕೇ ಬೇಕು.

ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ‘ನಿನ್ನೆ ತಪ್ಪು ಹೇಳೀನಿ. ನಿನ್ನ ಲಾರಿಗೆ ಬ್ಯಾಟರಿ. ಹೈಡ್ರೋಜನ್ ನೀ ಹೊತ್ತ ಅದಿರಿಗೆ.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಎಷ್ಟ್ ಕರೆಂಟ್ ಬೇಕು ಅದಕ್ಕ?’

ಅದೇ ಸರಿಯಾದ ಪ್ರಶ್ನೆ. ಒಂದು ಟನ್ ಕಬ್ಬಿಣಕ್ಕೆ ಸುಮಾರು 55 ಕಿಲೊ ಜಲಜನಕ, ಅದಕ್ಕೆ ಹೆಚ್ಚುಕಡಿಮೆ 3000 ಯೂನಿಟ್. ತಿಂಗಳಿಗೆ ನೂರು ಯೂನಿಟ್ ಸುಡುವ ನಮ್ಮ ಮನೆಯ ಎರಡೂವರೆ ವರ್ಷದ ಕರೆಂಟು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಅದರ ಗುರಿ. ನನ್ನ ಲೆಕ್ಕದಲ್ಲಿ ಅಷ್ಟಕ್ಕೆ 2050 ಮೆಗಾವ್ಯಾಟ್ ಸೋಲಾರ್ ಇರುವ ಪಾವಗಡದಂಥವು ಐವತ್ತು ಅರವತ್ತಾದರೂ ಬೇಕು. ಅದೇ ಬಿಸಿಲನ್ನು ಮನೆಯ ದೀಪವೂ ಪಂಪ್‌ಸೆಟ್ಟೂ ಕೇಳುತ್ತವೆ. ಬ್ಯಾಟರಿ ಮಾಡಬಲ್ಲ ಕೆಲಸಕ್ಕೆ ಜಲಜನಕ ಸುರಿದರೆ, ಅದಿಲ್ಲದೆ ನಡೆಯದ ಕುಲುಮೆಗೆ ಉಳಿಯುವುದೇನು?

‘ನಾ ಎಲ್ಲಾರಿಗೂ ಲಾರಿ ನೀರು ಉಗುಳ್ತಾವ ಅಂತ ಹೇಳಿಬಿಟ್ಟೀನಲ್ಲೋ’ ಎಂದ ಅಪ್ಪ.

‘ಉಗುಳ್ತಾವಪಾ. ಲಾರಿ ಅಲ್ಲ, ಕುಲುಮಿ.’

‘ನಡೀ ಹಂಗಾರ, ಹೇಳಿ ಬರೋಣು’ ಎಂದು ಸ್ಕೂಟರ್ ಹತ್ತಿದ. ಚಹಾದಂಗಡಿಯವರೆಗೆ ಇಬ್ಬರೂ ಮಾತಾಡಲಿಲ್ಲ. ಹಳೆಯ ಬೈಕಿನಲ್ಲಿ ಎಂಜಿನ್ನಿನ ಸದ್ದಿಗೆ ಏನೂ ಕೇಳುತ್ತಿರಲಿಲ್ಲ. ಅವತ್ತು ದಾರಿಯುದ್ದಕ್ಕೂ ಬೆನ್ನ ಹಿಂದೆ ಅಪ್ಪನ ಎದೆಯ ಗೊರಗೊರ ಕೇಳುತ್ತಿತ್ತು.